ಬಳ್ಳಾರಿಗೆ ಹೊರಟ ವ್ಯಾಗನ್ನು, ಬಳ್ಳಾರಿಯಲ್ಲಿ ಸಾರಿದ ಡಂಗುರ

ಕನ್ನಡದ ಮೊದಲ ಪತ್ರಿಕೆ ಎಂದರೆ ಎಲ್ಲರ ಬಾಯಲ್ಲೂ ಮಂಗಳೂರಿನ ಹೆಸರೇ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ, ಆ ದಿನವೇ ನಮಗೆ ಪತ್ರಿಕಾ ದಿನವಾಯಿತು. ಅದೇ ಪತ್ರಿಕೆ ವರ್ಷ ತುಂಬುವ ಮುಂಚೆಯೇ ಗಂಟುಮೂಟೆ ಕಟ್ಟಿಕೊಂಡು ಬಳ್ಳಾರಿಗೆ ಬಂದದ್ದನ್ನು ಮಾತ್ರ ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಮಂಗಳೂರಿನಲ್ಲಿದ್ದದ್ದು ಕಲ್ಲಚ್ಚು. ಬಳ್ಳಾರಿಯಲ್ಲಿ ಅಚ್ಚುಮೊಳೆಗಳಿದ್ದವು. 1810ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಬೈಬಲ್ ತರುವ ಕೆಲಸಕ್ಕೆ ಕೈಹಾಕಿದ್ದರಿಂದ ಊರಿಗೊಂದು ಮುದ್ರಣಾಲಯ ಬಂದಿತ್ತು. 1844ರ ಮಾರ್ಚ್‌ನಿಂದ ಪತ್ರಿಕೆ ‘ಕಂನಡ ಸಮಾಚಾರ’ ಎಂಬ ಹೆಸರಿನಲ್ಲಿ ಈ ಊರಿನಲ್ಲಿ ಅಚ್ಚಾಯಿತು.

ಮೋಗ್ಲಿಂಗನ ಆ ಪುಟ್ಟ ಹಾಳೆಯಲ್ಲಿ ಊರ ವರ್ತಮಾನ, ಕಥೆ, ನೀತಿಮಾತುಗಳ ಜೊತೆಗೆ ಸರ್ಕಾರದ ನಿರೂಪಗಳಿಗೂ ಜಾಗವಿತ್ತು. ನನಗೆ ಇದು ದೊಡ್ಡ ಸಂಗತಿ. ಅಧಿಕಾರಿಗೆ ಮತ್ತು ಅವನ ಗುಮಾಸ್ತನಿಗೆ ಮಾತ್ರ ತಿಳಿದಿರುತ್ತಿದ್ದ ಆಜ್ಞೆಯನ್ನು ರೈತನೊಬ್ಬ, ವ್ಯಾಪಾರಿಯೊಬ್ಬ ತನ್ನ ಭಾಷೆಯಲ್ಲಿ ಕೈಯಲ್ಲಿ ಹಿಡಿದು ಓದಬಹುದಾದ, ಓದಿಸಿಕೊಳ್ಳಬಹುದಾದ ಕಾಲ ಅಲ್ಲಿಂದ ಶುರುವಾಯಿತು. ಸರ್ಕಾರ ಏನು ಹೇಳಿತು ಎಂಬುದಕ್ಕೆ ಸಾಕ್ಷಿ ಜನರ ಬಳಿಯೂ ಉಳಿಯತೊಡಗಿತು.

ಬಳ್ಳಾರಿ ಈಸ್ಟ್ ಇಂಡಿಯಾ ಕುಂಪಣಿಯ ಕೈಸೇರಿದ್ದು 1800ರಲ್ಲಿ. ಹೈದರಾಬಾದಿನ ನಿಜಾಮ ಬಿಟ್ಟುಕೊಟ್ಟ ಸೀಮೆಗಳಲ್ಲಿ ಇದೂ ಒಂದು. ಮೊದಲ ಪ್ರಿನ್ಸಿಪಲ್ ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲ ಅಳೆಸಿ, ರೈತನ ಹೆಸರಿಗೇ ಪಟ್ಟಾ ಬರೆಸುವ ಪದ್ಧತಿಗೆ ಬುನಾದಿ ಹಾಕಿದ. ಬೆಟ್ಟ, ಅದರ ಮೇಲಿನ ಕೋಟೆ, ಕೆಳಗೆ ದಂಡು. ದಂಡನ್ನು ನೆಚ್ಚಿಕೊಂಡು ಪೇಟೆಗಳು ಬೆಳೆದವು. ಒಂದು ಕಡೆ ಕೌಲ್‌ಬಜಾರು, ಇನ್ನೊಂದು ಕಡೆ ಬ್ರೂಸ್ ಎಂಬ ಕುಂಪಣಿ ಅಧಿಕಾರಿಯ ಹೆಸರು ಹೊತ್ತ ಬ್ರೂಸ್‌ಪೇಟೆ. ರಸ್ತೆ, ವೃತ್ತಗಳ ಹೆಸರುಗಳನ್ನು ಎಷ್ಟೋ ಬದಲಿಸಿದ್ದೇವೆ. ಬ್ರೂಸ್‌ಪೇಟೆ ಮಾತ್ರ ಹಾಗೆಯೇ ಉಳಿದಿದೆ. ಪೊಲೀಸ್ ಠಾಣೆಯ ಫಲಕದ ಮೇಲೂ ಅದೇ ಹೆಸರು.

ಈ ಪೇಟೆಗೆ ಸರ್ಕಾರದ ಮಾತು ತಲುಪುತ್ತಿದ್ದ ದಾರಿ ಉದ್ದವಾದದ್ದು. 1832ರಿಂದ ಮದ್ರಾಸಿನಲ್ಲಿ ‘ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್’ ಅಚ್ಚಾಗುತ್ತಿತ್ತು. ಆಮೇಲೆ ಜಿಲ್ಲೆ ಜಿಲ್ಲೆಗೂ ಗೆಜೆಟ್ ಬಂತು. ಅಲ್ಲಿಂದ ಹುಜೂರು ಕಚೇರಿ, ತಾಲೂಕು ಕಚೇರಿ, ಕೊನೆಗೆ ಊರ ಚಾವಡಿ. ಚಾವಡಿಯ ಗೋಡೆಗೆ ಅಂಟಿಸಿದ ಕಾಗದವನ್ನು ಓದಬಲ್ಲವರು ಊರಿಗೆ ನಾಲ್ಕು ಜನ ಇದ್ದರೆ ಹೆಚ್ಚು. ಹಾಗಾಗಿ ಕಾನೂನು ತಮಟೆಯನ್ನು ನೆಚ್ಚಿಕೊಂಡಿತು. ಕಂದಾಯ ಬಾಕಿಗೆ ಹೊಲ ಹರಾಜಾಗಲಿ, ಕೆರೆಯ ಮೀನು ಗುತ್ತಿಗೆಯಾಗಲಿ, ಜಮಾಬಂದಿಗೆ ಸಾಹೇಬರು ಬರುವುದಾಗಲಿ, ಡಂಗುರ ಸಾರದೆ ಕೆಲಸ ಮುಗಿಯುತ್ತಿರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮ ತೆರೆದು ನೋಡಿ. ಸ್ಥಿರಾಸ್ತಿ ಜಪ್ತಿಯಾದರೆ ಆ ಆಸ್ತಿಯ ಮೇಲೆ ಅಥವಾ ಅದರ ಪಕ್ಕದಲ್ಲಿ ಡೋಲು ಬಾರಿಸಿ ಅಥವಾ ರೂಢಿಯ ಬೇರೆ ರೀತಿಯಲ್ಲಿ ಸಾರಬೇಕು, ಪ್ರತಿಯನ್ನು ಎದ್ದು ಕಾಣುವ ಕಡೆ ಅಂಟಿಸಬೇಕು ಎಂದಿದೆ. ಇಂದಿಗೂ ಅದು ನಮ್ಮ ಕಾನೂನು.

ವಸಾಹತು ಆಡಳಿತದ ಕಟ್ಟಳೆಗಳಲ್ಲಿ ನಾನು ಮನಸಾರೆ ಮೆಚ್ಚುವ ಅಂಶ ಇದು. ಕಿವಿಗೆ ಬೀಳದ ಆಜ್ಞೆ ಆಜ್ಞೆಯಲ್ಲ ಎಂದು ಕಾನೂನೇ ಒಪ್ಪಿಕೊಂಡ ಹಾಗಾಯಿತು. ಆದರೆ ಆ ತಮಟೆ ಯಾರ ಹೆಗಲ ಮೇಲಿತ್ತು? ತಲೆಮಾರುಗಳಿಂದ ಬಿಟ್ಟಿ ಚಾಕರಿಗೆ ಕಟ್ಟಿಬಿದ್ದಿದ್ದ ಹೊಲಗೇರಿ, ಮಾದಿಗರ ಕೇರಿಯ ಗಂಡಸರ ಹೆಗಲ ಮೇಲೆ. ಬೀದಿ ಬೀದಿಯಲ್ಲಿ ನಿಂತು ಸರ್ಕಾರದ ದನಿಯಾದವನಿಗೆ ಆ ಬೀದಿಯ ಮನೆಗಳ ಹೊಸ್ತಿಲು ಮೆಟ್ಟುವ ಹಾಗಿರಲಿಲ್ಲ, ಆ ಬೀದಿಯ ಬಾವಿಯ ನೀರು ಮುಟ್ಟುವ ಹಾಗಿರಲಿಲ್ಲ. ನೀರಿನ ತೆರಿಗೆಯ ನೋಟಿಸನ್ನೂ ಅವನೇ ಸಾರಬೇಕು. ಕರ್ನಾಟಕದ ದಲಿತ ಚಳವಳಿ ತಮಟೆ ಚಾಕರಿಯನ್ನು ಧಿಕ್ಕರಿಸಿದಾಗ ಈ ಇತಿಹಾಸವನ್ನೂ ಧಿಕ್ಕರಿಸಿತು.

ನೋಟಿಸು ಎಂಬುದು ಬರೀ ತಿಳಿವಳಿಕೆಯ ಕಾಗದವಾಗಿರಲಿಲ್ಲ ಎಂಬುದಕ್ಕೆ ಹಲಗಲಿಯೇ ಸಾಕ್ಷಿ. 1857ರಲ್ಲಿ ಆಯುಧ ದಾಖಲಿಸಿ, ಇಲ್ಲವೇ ಒಪ್ಪಿಸಿ ಎಂಬ ಹುಕುಂ ಬಂದಾಗ ಹಲಗಲಿ ಊರಿನ ಬೇಡರು ಒಪ್ಪಲಿಲ್ಲ. ಊರಿಗೆ ಊರೇ ಸುಟ್ಟುಹೋಯಿತು. ಮರುವರ್ಷ ನವೆಂಬರ್ 1ರಂದು ರಾಣಿಯ ಘೋಷಣೆಯನ್ನು ದೇಶದ ಊರೂರಿನಲ್ಲಿ, ಜನರ ಭಾಷೆಗಳಲ್ಲಿ ಓದಿಸಿದರು. ನಿಮ್ಮ ಧರ್ಮಕ್ಕೆ ಕೈಹಾಕುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಬೆದರಿಸಿದ್ದೂ ಅದೇ ಬಾಯಿ, ಸಂತೈಸಿದ್ದೂ ಅದೇ ಬಾಯಿ.

ಇಂಥ ಹುಕುಂಗಳು ಸಾರಿಗೆಯನ್ನೂ ಮುಟ್ಟಿದವು, ಆ ವಿಷಯಕ್ಕೆ ಬರೋಣ. ರೈಲು ಬರುವ ಮುನ್ನ ಬಳ್ಳಾರಿ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಪೂರ್ವಕ್ಕೆ ಮದ್ರಾಸಿಗೂ, ಪಶ್ಚಿಮಕ್ಕೆ ಘಟ್ಟ ಇಳಿದು ಕುಮಟೆಯ ಬಂದರಿಗೂ ಹೋಗುತ್ತಿತ್ತು. ಹತ್ತಿಯ ದಾರಿಗಾಗಿ, ಬಂದರಿಗಾಗಿ ಸರ್ಕಾರ ಎಷ್ಟು ತಲೆಕೆಡಿಸಿಕೊಂಡಿತೆಂದರೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿತು. ಒಂದು ಪ್ರಕಟಣೆಯಿಂದ ಒಂದು ಕರಾವಳಿಯೇ ಬೇರೆ ಆಡಳಿತಕ್ಕೆ ಹೋಯಿತು. ಆಮೇಲೆ ಬಂದದ್ದು ಧಾತು–ಈಶ್ವರ ಸಂವತ್ಸರದ ಬರ, 1876ರಿಂದ 78. ಬರ್ಮಾ, ಬಂಗಾಳದಿಂದ ಹಡಗಿನಲ್ಲಿ ಬಂದ ಅಕ್ಕಿ ಮದ್ರಾಸಿನ ಕಡಲ ದಂಡೆಯಲ್ಲಿ ಇಳಿದು ರೈಲಿನಲ್ಲಿ ಈ ಕಡೆಗೆ ಹೊರಡುತ್ತಿತ್ತು. ಗೆಜೆಟ್ ಧಾನ್ಯದ ಧಾರಣೆಯನ್ನು ತಪ್ಪದೆ ಅಚ್ಚುಮಾಡುತ್ತಿತ್ತು. ಧಾರಣೆ ಗೊತ್ತಾಗಿ ಏನು ಬಂತು, ಕೊಳ್ಳಲು ಕಾಸಿಲ್ಲದವರಿಗೆ? ಭಾರತ ಸರ್ಕಾರದ ಪ್ರತಿನಿಧಿಯಾಗಿ ರಿಚರ್ಡ್ ಟೆಂಪಲ್ ಬಂದು ಬರಗಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಅಷ್ಟರಲ್ಲಿ ದುಡಿಯುವ ಮೈ ಉಳಿಯುವುದಿಲ್ಲ ಎಂದು ಮದ್ರಾಸಿನ ಆರೋಗ್ಯ ಕಮಿಷನರ್ ಕಾರ್ನಿಷ್ ಎದುರು ನಿಂತು ವಾದಿಸಿದ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಇಳಿದುಹೋಯಿತು.

ಅಕ್ಕಿ ಹಡಗಿನಲ್ಲಿ ಬಂತು, ನಿಜ. ಆದರೆ ನೀರಿನ ಮೇಲಿನ ಸುರಕ್ಷತೆ ಎಂದರೆ ಬಳ್ಳಾರಿಯವರಿಗೆ ಕಡಲಿನ ಮಾತಲ್ಲ, ತುಂಗಭದ್ರೆಯ ಮಾತು. ಸಿರುಗುಪ್ಪ, ಕಂಪ್ಲಿ, ಹಂಪಿಯ ತಳವಾರಘಟ್ಟ, ಎಲ್ಲ ಕಡೆಯೂ ಹೊಳೆ ದಾಟಿಸಿದ್ದು ಹರಿಗೋಲು. ಹೊಳೆಯ ಈ ದಡ ಇಂಗ್ಲಿಷರದು, ಆ ದಡ ನಿಜಾಮನದು. ಗಂಗಾವತಿ, ಸಿಂಧನೂರಿನ ಕಡೆ ಹೆಣ್ಣು ಕೊಟ್ಟು ತಂದ ಸಿರುಗುಪ್ಪದ ಮನೆಗಳಿಗೆ ಬೀಗರ ಊರೆಂದರೆ ಬೇರೆ ಸರ್ಕಾರದ ಊರು. ಸುಂಕ ಬೇರೆ, ಪೊಲೀಸು ಬೇರೆ, ನಾಣ್ಯವೂ ಬೇರೆ. ನಡುವೆ ಇದ್ದದ್ದು ಅಂಬಿಗನ ಒಂದು ಹುಟ್ಟು.

ಹರಿಗೋಲನ್ನು ಹತ್ತಿರದಿಂದ ನೋಡಿದವರಿಗೆ ಅದರ ಜಾಣ್ಮೆ ಗೊತ್ತು. ಬಿದಿರಿನ ಸೀಳುಗಳನ್ನು ಒಂದರೊಳಗೊಂದು ಹಾಯಿಸಿ ದುಂಡಗೆ ಹೆಣೆಯುತ್ತಾರೆ. ಅಂಚಿಗೆ ದಪ್ಪ ಬಿದಿರನ್ನು ಸುತ್ತಿ ಬಿಗಿಯುತ್ತಾರೆ. ಹೊರಮೈಗೆ ಹಿಂದೆ ಎಮ್ಮೆಯ ಚರ್ಮ ಹೊಲಿಯುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲದ ಮೇಲೆ ಡಾಂಬರು. ಮುಂದು ಹಿಂದು ಎಂಬುದಿಲ್ಲದ ಈ ನಾವೆ ಸೆಳವಿಗೆ ಸಿಕ್ಕರೆ ಬುಗುರಿಯ ಹಾಗೆ ತಿರುಗುತ್ತದೆ. ಹಂಪಿಯ ಹತ್ತಿರ ಬಂಡೆಗಳ ನಡುವೆ ಹಾಯಿಸುವಾಗ ಅಂಬಿಗ ಜನರನ್ನು ಎಣಿಸುವುದಕ್ಕಿಂತ ಅಂಚನ್ನು ನೋಡುತ್ತಾನೆ. ಅಂಚಿಗೂ ನೀರಿಗೂ ನಡುವೆ ಗೇಣು ಬಿಟ್ಟಿದೆಯೋ ಇಲ್ಲವೋ ನೋಡಿ, ‘ಸಾಕು, ಇನ್ನು ಮುಂದಿನ ಸಲ’ ಎನ್ನುತ್ತಾನೆ. ಹುಟ್ಟನ್ನು ನೇರ ಹಾಕುವುದಿಲ್ಲ, ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹೊಳೆ ಕೆಂಪಗೆ ಬಂದ ದಿನ ದಡದಲ್ಲಿ ಎಷ್ಟು ಮೇಲಕ್ಕೆ ನಡೆದು ಹರಿಗೋಲು ಇಳಿಸಿದರೆ ಎದುರು ದಡದಲ್ಲಿ ಬೇಕಾದ ಜಾಗಕ್ಕೆ ಮುಟ್ಟೀತು ಎಂಬ ಲೆಕ್ಕ ಅವನ ಮೈಯಲ್ಲಿದೆ.

ಇಂಗ್ಲಿಷರು ಈ ವಿದ್ಯೆಯನ್ನು ಬೇಗನೆ ಗುರುತಿಸಿದರು. ಆಮೇಲೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚ್‌ನಲ್ಲಿ ಹಾವನೂರಿನ ಬಳಿ ತುಂಗಭದ್ರೆ ದಾಟಿ ಮರಾಠರ ಸೀಮೆಗೆ ದಂಡು ನಡೆಸಿದ. ಮುಂದೆ ಮಳೆಗಾಲದ ಹೊಳೆಗಳನ್ನು ದಾಟಲು ಹರಿಗೋಲುಗಳನ್ನು ಹೆಣೆಸಿಡಬೇಕೆಂದು, ಅವುಗಳ ಅಳತೆ, ಚರ್ಮದ ಹೊದಿಕೆಯ ವಿವರಗಳನ್ನೂ ಕಾಗದದಲ್ಲಿ ಬರೆದು ಕಳಿಸಿದ. ನಮ್ಮ ಅಂಬಿಗರ ಕೈಯ ಲೆಕ್ಕ ಸರ್ಕಾರಿ ಕಾಗದದ ಅಂಗುಲ, ಅಡಿಗಳಾಗಿ ಇಳಿದದ್ದು ಹೀಗೆ.

ಎಂಬತ್ತೇಳು ವರ್ಷಗಳ ಮೇಲೆ, 1890ರಲ್ಲಿ, ಮದ್ರಾಸ್ ಸರ್ಕಾರ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯ್ದೆ ಮಾಡಿತು. ಆ ವರ್ಷದ ಎರಡನೇ ಕಾಯ್ದೆ ಅದು. ಹೊಳೆ ದಾಟುವ ಜಾಗವನ್ನು ಪ್ರಕಟಣೆಯ ಮೂಲಕ ಸಾರ್ವಜನಿಕ ಕಡವೆಂದು ಗೊತ್ತುಪಡಿಸುವ, ದಾಟುವ ದರ ನಿಗದಿ ಮಾಡುವ ಅಧಿಕಾರ ಸರ್ಕಾರಕ್ಕೆ ಬಂತು. ತಾತನ ಕಾಲದಿಂದ ಕಾಳು, ಕಾಸು ಪಡೆದು ದಾಟಿಸುತ್ತಿದ್ದ ಅಂಬಿಗ ಇನ್ನು ಮೇಲೆ ಕಟ್ಟಳೆಗೆ ಒಳಪಟ್ಟ ಮನುಷ್ಯ. ಇದರಲ್ಲಿ ಒಳ್ಳೆಯದೂ ಇತ್ತು. ದರ ಗೊತ್ತಿದ್ದರೆ ನೆರೆ ಬಂದ ದಿನ ಬಡವನಿಂದ ಹತ್ತು ಪಟ್ಟು ಕೀಳುವುದು ತಪ್ಪುತ್ತದೆ.

ಅದೇ 1890ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ರೈಲ್ವೆ ಕಾಯ್ದೆಯೂ ಬಂತು, ಆ ವರ್ಷದ ಒಂಬತ್ತನೆಯದು. ಅದರ 63ನೇ ಕಲಮು ನನ್ನನ್ನು ಬಹಳ ಕಾಡಿದೆ. ಪ್ರತಿಯೊಂದು ಬಗೆಯ ಗಾಡಿಯ ಪ್ರತಿ ವಿಭಾಗದಲ್ಲಿ ಹೆಚ್ಚೆಂದರೆ ಎಷ್ಟು ಜನ ಕೂರಬಹುದೆಂದು ರೈಲ್ವೆ ಆಡಳಿತ ಗೊತ್ತುಮಾಡಬೇಕು. ಆ ಸಂಖ್ಯೆಯನ್ನು ಒಳಗೋ ಹೊರಗೋ ಎದ್ದು ಕಾಣುವ ಹಾಗೆ ಬರೆಸಬೇಕು. ಬರೆಸುವುದು ಇಂಗ್ಲಿಷಿನಲ್ಲಿ, ಇಲ್ಲವೇ ಆ ದಾರಿಯ ಜನ ಬಳಸುವ ಭಾಷೆಯಲ್ಲಿ, ಇಲ್ಲವೇ ಎರಡರಲ್ಲೂ. ತುಂಬಿದ ವಿಭಾಗಕ್ಕೆ ಇನ್ನೊಬ್ಬರನ್ನು ಬಲವಂತವಾಗಿ ಹತ್ತಿಸುವ ರೈಲ್ವೆ ನೌಕರನಿಗೆ ದಂಡ ಎಂದು ಇನ್ನೊಂದು ಕಲಮು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಸುರಕ್ಷತಾ ಪ್ರಕಟಣೆ ಬೇಕೇ? ಅಂಬಿಗನು ಅಂಚು ನೋಡಿ ‘ಸಾಕು’ ಎನ್ನುತ್ತಿದ್ದ ಮಾತನ್ನೇ ರೈಲು ಗೋಡೆಯ ಮೇಲೆ ಅಂಕಿಯಲ್ಲಿ ಬರೆಯಿತು.

ಬಳ್ಳಾರಿಗೆ ಅಷ್ಟು ಹೊತ್ತಿಗೆ ಎರಡು ಕಡೆಯ ರೈಲು ಬಂದಾಗಿತ್ತು. ಗುಂತಕಲ್ಲಿನ ಕಡೆಯಿಂದ ಮದ್ರಾಸ್ ರೈಲ್ವೆ, ಗದಗ–ಹೊಸಪೇಟೆಯ ಕಡೆಯಿಂದ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಎರಡೂ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಹಳಬರು ಎಂಎಸ್ಎಂ ಎನ್ನುತ್ತಿದ್ದದ್ದು ಇದನ್ನೇ. ನಡುವೆ ಪ್ಲೇಗು ಬಂತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು ಮುಟ್ಟಿ ನೋಡುವುದು, ಸೋಂಕಿನ ಊರಿಂದ ಬಂದವರಿಗೆ ಪಾಸು ಕೊಟ್ಟು ದಿನಾ ಬಂದು ತೋರಿಸಿಕೊಳ್ಳಿ ಎನ್ನುವುದು, ಮನೆ ಖಾಲಿ ಮಾಡಿಸುವುದು ನಡೆದವು. ಹೆಂಗಸರನ್ನು ಪರೀಕ್ಷಿಸುವ ರೀತಿಗೆ ಜನ ರೊಚ್ಚಿಗೆದ್ದರು. ಅದೇ ಕಾಯ್ದೆಯನ್ನು 2020ರಲ್ಲಿ ನಾವು ಮತ್ತೆ ಕೈಗೆತ್ತಿಕೊಂಡೆವು. ಕರ್ನಾಟಕ ಆ ವರ್ಷವೇ ತನ್ನದೇ ಕಾಯ್ದೆ ಮಾಡಿಕೊಂಡಿತು.

ಈಗ 1921ರ ನವೆಂಬರ್. ಮಲಬಾರಿನಲ್ಲಿ ಮಾಪಿಳ್ಳೆಯರ ದಂಗೆ, ಮಿಲಿಟರಿ ಕಾನೂನು. ಸೆರೆಸಿಕ್ಕವರನ್ನು ಇಡಲು ಅಲ್ಲಿನ ಜೈಲುಗಳು ಸಾಲದೆ ಬಳ್ಳಾರಿಗೆ ಕಳಿಸುತ್ತಿದ್ದರು. ನವೆಂಬರ್ 19ರ ಸಂಜೆ ತಿರೂರು ನಿಲ್ದಾಣದಲ್ಲಿ ಸುಮಾರು ನೂರು ಮಂದಿ ಕೈದಿಗಳನ್ನು ಒಂದು ಮುಚ್ಚಿದ ಲಗೇಜ್ ವ್ಯಾಗನ್ನಿಗೆ ತುರುಕಿ ಬಾಗಿಲು ಭದ್ರಪಡಿಸಿದರು. ಅವರನ್ನು ಮುಟ್ಟಿಸಬೇಕಿದ್ದದ್ದು ನಮ್ಮ ಬಳ್ಳಾರಿಯ ಜೈಲಿಗೆ. ವ್ಯಾಗನ್ನು ಎಂಎಸ್ಎಂ ರೈಲ್ವೆಯದು, ಅದರ ಸಂಖ್ಯೆ 1711. ಬಳ್ಳಾರಿಯ ಹಳಿಗಳ ಮೇಲೆ ಓಡುತ್ತಿದ್ದ ಕಂಪನಿಯದೇ ಗಾಡಿ.

ಒಳಗೆ ಗಾಳಿ ಇರಲಿಲ್ಲ. ದಾರಿಯಲ್ಲಿ ಷೊರ್ನೂರಿನಲ್ಲಿ ಗಾಡಿ ನಿಂತಿತು, ಒಲವಕ್ಕೋಡಿನಲ್ಲಿ ನಿಂತಿತು. ಒಳಗಿನವರ ಕೂಗಾಟ ಕೇಳಿದರೂ ಬಾಗಿಲು ತೆರೆಯಲಿಲ್ಲ. ತೆರೆದದ್ದು ಕೊಯಮತ್ತೂರಿನ ಹತ್ತಿರ ಪೋದನೂರಿನಲ್ಲಿ. ಅಲ್ಲೇ ಸತ್ತುಬಿದ್ದಿದ್ದವರು 50ಕ್ಕೂ ಹೆಚ್ಚು. ಆಸ್ಪತ್ರೆಯಲ್ಲಿ ಸತ್ತವರನ್ನೂ ಸೇರಿಸಿ ಒಟ್ಟು ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು, 64ರಿಂದ 70ರವರೆಗೆ. ಹೆಚ್ಚಿನವರು ಮಾಪಿಳ್ಳೆಯರು, ಜೊತೆಗೆ ಕೆಲವರು ಹಿಂದೂಗಳು. ಶವಗಳನ್ನು ರೈಲಿನಲ್ಲೇ ಮತ್ತೆ ತಿರೂರಿಗೆ ಕಳಿಸಿದರು.

ಸರ್ಕಾರ ನ್ಯಾಪ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಗಾಳಿಗೆಂದು ಇದ್ದ ತಂತಿಬಲೆಯ ಕಂಡಿಗಳು ಬಣ್ಣ ಮತ್ತು ಧೂಳಿನಿಂದ ಮುಚ್ಚಿಹೋಗಿದ್ದವು ಎಂದು ಸಮಿತಿ ಕಂಡುಕೊಂಡಿತು. ಜನರನ್ನು ಲಗೇಜ್ ವ್ಯಾಗನ್ನಿನಲ್ಲಿ ಸಾಗಿಸಿದ್ದೇ ತಪ್ಪು ಎನ್ನುವ ಧೈರ್ಯ ಅದಕ್ಕೆ ಬರಲಿಲ್ಲ. ಮೊಕದ್ದಮೆ ನಡೆಯಿತು, ಶಿಕ್ಷೆ ಯಾರಿಗೂ ಆಗಲಿಲ್ಲ.

63ನೇ ಕಲಮನ್ನು ಈಗ ಮತ್ತೆ ಓದಬೇಕು. ಎಷ್ಟು ಜನ ಎಂಬ ಸಂಖ್ಯೆ ಬರೆಸಬೇಕಾದದ್ದು ಜನ ಕೂರುವ ವಿಭಾಗಕ್ಕೆ. ವ್ಯಾಗನ್ನು ಇದ್ದದ್ದು ಸಾಮಾನಿಗೆ. ಹಾಗಾಗಿ ಅದರ ಗೋಡೆಯ ಮೇಲೆ ‘ಇಷ್ಟೇ ಜನ’ ಎಂಬ ಅಂಕಿಯೇ ಇರಲಿಲ್ಲ. ತುಂಗಭದ್ರೆಯ ಅಂಬಿಗನ ಬಿದಿರಿನ ಹರಿಗೋಲಿಗೂ ಕಾನೂನಿನ ಕಣ್ಣಿತ್ತು, ಮೂರನೇ ದರ್ಜೆಯ ಡಬ್ಬಿಗೂ ಒಂದು ಮಿತಿಯಿತ್ತು. ಸರ್ಕಾರವೇ ತನ್ನ ಕೈಯಾರೆ ಸಾಗಿಸಿದ ಮನುಷ್ಯರಿಗೆ ಯಾವ ನೋಟಿಸೂ ಅಡ್ಡ ಬರಲಿಲ್ಲ. ವಸಾಹತು ಕಾಲದ ಇಂಥ ಪ್ರಕಟಣೆಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ: ಈ ಕಟ್ಟಳೆ ಯಾರನ್ನು ಕಟ್ಟಿಹಾಕಿದೆ, ಯಾರನ್ನು ಹೊರಗೆ ಬಿಟ್ಟಿದೆ? ಅವುಗಳಲ್ಲಿ ಎಷ್ಟೋ ನ್ಯಾಯವಾದವು, ಬುದ್ಧಿವಂತಿಕೆಯವು. ಹೊರಡಿಸಿದವನ ಮೇಲೆ ಬಂಧನ ಹಾಕಿದವು ಮಾತ್ರ ತೀರಾ ಅಪರೂಪ.

ತಿರೂರಿನಲ್ಲಿ ಸತ್ತವರ ನೆನಪಿಗೆ ಪುರಭವನವಿದೆ. ಬದುಕಿ ಬಳ್ಳಾರಿ ಮುಟ್ಟಿದ ಮಲಬಾರಿನ ಕೈದಿಗಳು ಇಲ್ಲಿನ ಅಲ್ಲೀಪುರದ ಜೈಲಿನಲ್ಲಿ ದಿನ ಕಳೆದರು. ಅವರ ಭಾಷೆ ಈ ಊರಿಗೆ ತಿಳಿಯದು, ಈ ಊರಿನ ಬಿಸಿಲು ಅವರ ಮೈಗೆ ಒಗ್ಗದು. ಮುಂದೆ ಅದೇ ಜೈಲಿಗೆ ಸ್ವಾತಂತ್ರ್ಯ ಚಳವಳಿಯ ಸತ್ಯಾಗ್ರಹಿಗಳೂ ಬಂದರು. ಅವರನ್ನು ಊರು ನೆನೆಯುತ್ತದೆ. ಮೊದಲಿನವರನ್ನೂ ಅಷ್ಟೇ ಪ್ರೀತಿಯಿಂದ ನೆನೆಯಬೇಕಾದದ್ದು ಬಳ್ಳಾರಿಯ ಋಣ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮೂರು ವರ್ಷಕ್ಕೆ ರಾಯಚೂರೂ ಬಂದು ಕೂಡಿಕೊಂಡು, ಹೊಳೆಯ ಎರಡು ದಡವೂ ಒಂದೇ ರಾಜ್ಯವಾಯಿತು. ಅಣೆಕಟ್ಟು ಬಂತು, ದಢೇಸೂಗೂರಿನಲ್ಲಿ, ಕಂಪ್ಲಿಯಲ್ಲಿ ಸೇತುವೆಗಳು ಬಂದವು. ಆನೆಗೊಂದಿಯ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. ತಳವಾರಘಟ್ಟದಲ್ಲಿ ಹರಿಗೋಲು ಮತ್ತಷ್ಟು ಕಾಲ ಜನರನ್ನು ದಾಟಿಸಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಕೆಳಗಿನ ಹಳ್ಳಿಗಳಿಗೆ ನೋಟಿಸು ಹೋಯಿತು: ಹೊಳೆಗೆ ಇಳಿಯಬೇಡಿ, ದನಕರು ಬಿಡಬೇಡಿ. ಕಂಪ್ಲಿ, ಸಿರುಗುಪ್ಪ ತಾಲೂಕಿನ ದಂಡೆಯ ಊರುಗಳಿಗೆ ಇಂಥ ಎಚ್ಚರಿಕೆ ಹೊಸದಲ್ಲ. ಗೇಟು ಎತ್ತಿ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಓಡಾಟ ನಿಲ್ಲುತ್ತದೆ. ಇಲ್ಲಿ ನೋಟಿಸು ತಲುಪುವುದು ತಡವಾದರೆ ಹೋಗುವುದು ಪ್ರಾಣ. ಹಾಗೆಯೇ ಗೇಟಿನ ಸರಪಳಿಯನ್ನು ಯಾವಾಗ ಪರೀಕ್ಷಿಸಿದರು, ಯಾರು ಸಹಿ ಹಾಕಿದರು ಎಂದು ಕೇಳುವ ಹಕ್ಕು 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ಅದೇ ಹಳ್ಳಿಯ ರೈತನಿಗಿದೆ. 1921ರಲ್ಲಿ ತಿರೂರಿನ ಪ್ಲಾಟ್‌ಫಾರಂ ಮೇಲೆ ನಿಂತಿದ್ದವರಿಗೆ ಆ ಹಕ್ಕು ಇರಲಿಲ್ಲ.

ಬಳ್ಳಾರಿ ಒಂದೂವರೆ ಶತಮಾನ ಮದ್ರಾಸಿನ ಜಿಲ್ಲೆಯಾಗಿದ್ದರಿಂದ ಆ ಕಾಲದ ಕಾಗದಗಳ ದೊಡ್ಡ ಪಾಲು ಚೆನ್ನೈನ ಎಗ್ಮೋರಿನ ದಾಖಲೆಗಳ ಕಚೇರಿಯಲ್ಲಿದೆ. ಗೆಜೆಟ್ಟಿನ ಹಾಳೆಗಳು, ಕಡವಿನ ಪ್ರಕಟಣೆಗಳು, ಪ್ಲೇಗಿನ ನಿಯಮಗಳು, ಬರದ ವರ್ಷದ ಪತ್ರಗಳು ಮೈಸೂರಿನ ಇತಿಹಾಸದಷ್ಟು ನಮ್ಮ ಓದಿಗೆ ಸಿಕ್ಕಿಲ್ಲ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಎಗ್ಮೋರಿಗೆ ಹೋಗಿ ಬಳ್ಳಾರಿಗೆ ಸಂಬಂಧಿಸಿದ ಹಾಳೆಗಳನ್ನು ಸ್ಕ್ಯಾನ್ ಮಾಡಿಸಿ ತಂದು ಕನ್ನಡದಲ್ಲಿ ಸೂಚಿ ಸಿದ್ಧಪಡಿಸುವುದು ಈ ಎರಡು ಸಂಸ್ಥೆಗಳ ಶಕ್ತಿಗೆ ಮೀರಿದ್ದಲ್ಲ. ಮೊದಲ ಕಂತಿಗೆ 1890ರ ಕಡವಿನ ಕಡತಗಳನ್ನೂ 1921ರ ಜೈಲಿನ ಕಡತಗಳನ್ನೂ ತೆಗೆದುಕೊಳ್ಳಲಿ.